ಕಂಬಳಿಯೊಳಗಿನ ರಾತ್ರಿ

ಒಂದೊಂದು ಹಗಲೂ ಮೂವತ್ತು ಗಂಟೆಗೆ ಹಿಗ್ಗಿ ಎರಡು ವರ್ಷವಾಗಿತ್ತು. ಮುದಿ ಕುರಿ ಚುಕ್ಕಿಯ ಮೈಗೆ ಮಾತ್ರ ಹಳೆಯ ಹೊತ್ತೇ ಗೊತ್ತು. ನಡುಹಗಲಿಗೇ ನಿದ್ದೆ ತೂಗುತ್ತಿತ್ತು, ಬೆಳಕು ಮಲಗಗೊಡುತ್ತಿರಲಿಲ್ಲ. ನಿದ್ದೆಗೆಟ್ಟ ಸಿಟ್ಟಿಗೆ ಅದು ನಿನ್ನೆ ಹುಟ್ಟಿದ ಮರಿಯನ್ನು ಹಾಲಿಗೆ ಬಿಡದೆ ಒದೆಯುತ್ತಿತ್ತು. ಮರಿ ಸೊರಗಿತ್ತು.

ಹುಲಿಗೆವ್ವ ತನ್ನ ಕರಿ ಕಂಬಳಿಯನ್ನು ಗೂಟಗಳ ಮೇಲೆ ಹರವಿ, ತಾಯಿ-ಮರಿಯನ್ನು ಒಳಗೆ ಬಿಟ್ಟು, ಅಂಚು ಹಿಡಿದು ಕೂತಳು.

"ಅತ್ತಿ, ಕುರಿಗೆ ರಾತ್ರಿ ಮಾಡಿಕೊಡ್ತೀರೇನ್ರಿ?" ಸೊಸೆ ಮಾಳವ್ವ ನಕ್ಕಳು.

"ಸೂರ್ಯಪ್ಪ ಮರತಾನಲ್ಲ, ಯಾರರ ಮಾಡಬೇಕಲ್ಲವಾ."

ಬಹಳ ಹೊತ್ತಿನ ಮೇಲೆ ಒಳಗಿನಿಂದ ಮರಿ ಹಾಲು ಚೀಪುವ ಸದ್ದು ಕೇಳಿತು. ಮಾಳವ್ವನ ನಗು ನಿಂತಿತು. ಅವಳು ಅತ್ತೆಯ ಕೈಯಿಂದ ಕಂಬಳಿಯ ಅಂಚು ಬಿಡಿಸಿಕೊಂಡಳು.

"ನಿಮ್ಮ ಕಣ್ಣೂ ಎರಡು ವರ್ಷದಿಂದ ಕೆಂಪಗ ಅದಾವು. ಒಳಗ ಹೋಗ್ರಿ, ನಾ ಹಿಡೀತೀನಿ."

ಹುಲಿಗೆವ್ವ ಬಾಗಿ ಒಳಸೇರಿ ಚುಕ್ಕಿಯ ಬೆನ್ನಿಗೆ ತಲೆಯಿಟ್ಟಳು. ಒಳಗಿನ ಕತ್ತಲು ಎರಡು ವರ್ಷದ ಹಿಂದಿನ ರಾತ್ರಿಯಷ್ಟೇ ಇತ್ತು.