ಮೇಲಿನ ಕೋಣೆಯ ಉಸಿರು

ಮೇಲಿನ ಕೋಣೆಯಲ್ಲಿ ಯಾರೋ ಉಸಿರಾಡುತ್ತಿದ್ದರು.

ಕಲೆರ್ವೊ ಆ ಕೋಣೆಯ ಮೇಲಿನ ಅಟ್ಟದಲ್ಲಿ ಮೊಣಕಾಲೂರಿ, ಗಾಳಿ ಅಳೆಯುವ ಮೀಟರನ್ನು ಮತ್ತೊಮ್ಮೆ ಕೊಳವೆಯ ಬಾಯಿಗೆ ಹಿಡಿದ. ಅಂಕಿ ಏರಿತು. ಮನುಷ್ಯರ ಉಸಿರು ತುಂಬಿದ ಕೋಣೆಯಲ್ಲಿ ಮಾತ್ರ ಅದು ಹಾಗೆ ಏರುತ್ತದೆ. ಖಾಲಿ ಉಗ್ರಾಣದಲ್ಲಿ ಏರುವುದಿಲ್ಲ.

ಮನೆಯೊಡತಿ ಹಿಲ್ಕ ಅದನ್ನು ಉಗ್ರಾಣ ಎಂದಿದ್ದಳು. ಬೀಗದ ಕೈ ಕಳೆದಿದೆ, ಮನೆಯಲ್ಲಿ ತಾನೊಬ್ಬಳೇ ಇರುವುದು ಎಂದಿದ್ದಳು.

ಬೆಳಿಗ್ಗೆ ಮುದುಕಿ ನಗುನಗುತ್ತಲೇ ಬಾಗಿಲು ತೆರೆದಿದ್ದಳು. ಹೊರಗೆ ಮೂಗಿನೊಳಗಿನ ಕೂದಲು ಸೆಟೆಯುವ ಚಳಿ. ಕಯಾನಿ ಊರಿನ ಕೆರೆ ಹೆಪ್ಪುಗಟ್ಟಿ ವಾರಗಳಾಗಿದ್ದವು. ಅವನು ಬಂದವನೇ ಗೋಡೆ ಕೊರೆದು ಮುಗಿಸಿದ ಮೇಲೆ ಅವಳು ಕಾಫಿ ಬಸಿದು ಏಲಕ್ಕಿ ಬನ್ನು ಮುಂದಿಟ್ಟಳು. ಕಲೆರ್ವೊ ತಿನ್ನುತ್ತಲೇ ತಾನು ಕೂರಿಸಲಿರುವ ಯಂತ್ರವನ್ನು ವಿವರಿಸಿದ. ಅವನದು ಸಹಜವಾಗಿಯೇ ಏರುದನಿ.

“ಹಳಸಿದ ಗಾಳಿ ಹೊರಗೆ ಹೋಗುತ್ತೆ, ಅದರ ಬಿಸಿ ಮಾತ್ರ ಒಳಗೇ ಉಳಿಯುತ್ತೆ. ಹೊಸ ಗಾಳಿ ಆ ಬಿಸಿ ಹಿಡ್ಕೊಂಡೇ ಒಳಗೆ ಬರುತ್ತೆ. ಇನ್ನು ಕಿಟಕಿ ತೆಗೆಯೋ ಮಾತೇ ಇಲ್ಲ ಅಮ್ಮಾ. ನಮ್ಮನೇಲಂತೂ ಕಿಟಕಿಗಳ ಹಿಡಿಕೆಗಳನ್ನೇ ಬಿಚ್ಚಿಟ್ಟುಬಿಟ್ಟಿದೀನಿ.”

“ಮನೆಯವರು ಏನೂ ಅನ್ನಲಿಲ್ವೇ?”

“ಮೊದಮೊದಲು ಗೊಣಗಿದಳು. ಆಮೇಲೆ ಅಭ್ಯಾಸ ಆಯ್ತು.”

ಅಷ್ಟರಲ್ಲಿ ಮೇಲೆ ಏನೋ ಬಿದ್ದು ಒಡೆದ ಸದ್ದಾಯಿತು.

“ಬೆಕ್ಕು,” ಎಂದು ಹಿಲ್ಕ ಎದ್ದು ಮಹಡಿ ಹತ್ತಿದಳು. ಬೆಕ್ಕು ಸಾಕಿದ ಮನೆಯ ವಾಸನೆ ಕಲೆರ್ವೊಗೆ ಗೊತ್ತಿತ್ತು. ಇಲ್ಲಿ ಅದಿರಲಿಲ್ಲ.

ಕೆಳಗಿಳಿದು ಬಂದವಳ ಮುಖ ಬಿಳುಚಿಕೊಂಡಿತ್ತು.

“ನಿಮ್ಮ ಹೆಸರು ಏನಂದ್ರಿ?”

“ಕಲೆರ್ವೊ.”

“ಬರಬೇಕಾಗಿದ್ದವರು ಬೇರೆ ಯಾರೋ ಅಲ್ವಾ?”

“ಅವನಿಗೆ ಜ್ವರ. ನನ್ನನ್ನ ಕಳಿಸಿದ್ರು.”

ಅವಳು ಕಾಫಿ ಪಾತ್ರೆ ಎತ್ತಿದಳು, ಬಗ್ಗಿಸದೆ ಹಾಗೇ ಕೆಳಗಿಟ್ಟಳು. “ನೋಡಪ್ಪಾ, ನನಗೆ ಯಾಕೋ ಮೈ ಸರಿಯಿಲ್ಲ. ಇವತ್ತಿಗೆ ಸಾಕು, ಹೊರಡಿ.”

“ಸಾಕು ಅಂದ್ರೆ ಹೇಗಮ್ಮಾ? ಬಂದ ತಕ್ಷಣ ಗೋಡೆ ಕೊರೆದಾಗಿದೆ. ಹೀಗೇ ಬಿಟ್ರೆ ನಲ್ಲಿಯೊಳಗಿನ ನೀರೂ ಕಲ್ಲಾಗುತ್ತೆ. ಮುಗಿಸಿಯೇ ಹೋಗೋದು.”

ಅಲ್ಲಿಂದ ಮುಂದೆ ಅವಳು ಮಹಡಿ ಮೆಟ್ಟಿಲ ಬುಡ ಬಿಟ್ಟು ದೂರ ಸರಿಯಲಿಲ್ಲ. ಅವನು ಅಟ್ಟಕ್ಕೆ ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕು. ಹೋದಾಗಲೆಲ್ಲ ಹಿಂದೆಯೇ ಬಂದು ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಊರಿಗೆಲ್ಲ ಬೇಕಾದ ಮುದುಕಿ ಎಂದು ಅವಳ ಬಗ್ಗೆ ಕೇಳಿದ್ದ. ಈಗ ನೋಡಿದರೆ ಸೆರೆಮನೆಯ ಕಾವಲುಗಾರ್ತಿಯ ಹಾಗಿದ್ದಳು.

ಮಧ್ಯಾಹ್ನ ಅವಳು ಒಂದು ಬಟ್ಟಲು ಮೀನಿನ ಸಾರನ್ನು ಬಟ್ಟೆಯಡಿ ಮರೆಮಾಡಿಕೊಂಡು ಮೇಲೆ ಹೋದಳು. ಬರುವಾಗ ಬಟ್ಟಲು ಖಾಲಿ.

“ಆ ಕೋಣೆಗೂ ಗಾಳಿ ಬೇಕಲ್ಲಮ್ಮಾ,” ಎಂದ ಕಲೆರ್ವೊ.

“ಬೇಡ.”

“ಗಾಳಿಯಾಡದಿದ್ರೆ ಒಳಗಿರೋದು ಕೊಳೆತುಹೋಗುತ್ತೆ.”

“ಅದು ಇನ್ನೊಂದು ಕಡೆ ಕೊಳೀತಿತ್ತು,” ಎಂದಳು ಹಿಲ್ಕ, ಅವನ ಕಣ್ಣಲ್ಲಿ ಕಣ್ಣಿಟ್ಟು. “ಇಲ್ಲಿ ಚೆನ್ನಾಗೇ ಇದೆ.”

ತಲೆ ಕೆಟ್ಟವರು ಹೀಗೆ ಮಾತಾಡುತ್ತಾರೆ. ಕಲೆರ್ವೊ ಏನೂ ಕೇಳಿಸದವನಂತೆ ಅಟ್ಟಕ್ಕೆ ಹೋದ. ಆ ಕೋಣೆಯ ಹಳೆಯ ಗಾಳಿಕಂಡಿ ಅಟ್ಟಕ್ಕೇ ತೆರೆದುಕೊಂಡಿತ್ತು. ಅದಕ್ಕೊಂದು ಕೊಳವೆ ಜೋಡಿಸಿದ. ಮೀಟರು ಹಿಡಿದ.

ಈಗ ಸಂಶಯ ಉಳಿದಿರಲಿಲ್ಲ. ಹೊರಗೆ ಹಿಮ, ಒಳಗೆ ಬೀಗ, ಮೆಟ್ಟಿಲ ಬಳಿ ಮುದುಕಿ. ಪಾಪ, ಒಳಗಿರುವವರು ಓಡುವುದಾದರೂ ಎಲ್ಲಿಗೆ? ಕಲೆರ್ವೊನ ಎದೆ ಉಬ್ಬಿತು. ಕಷ್ಟದಲ್ಲಿದ್ದವರನ್ನು ಕಾಪಾಡುವುದು ಗಂಡಸಿನ ಕೆಲಸ ಎಂದು ನಂಬಿದವನು ಅವನು. ಕೊಳವೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ.

“ಒಳಗೆ ಯಾರಿದೀರಿ? ಹೆದರಬೇಡಿ. ನಾನು ಬಂದಿದೀನಿ. ನಿಮ್ಮನ್ನ ಕರ್ಕೊಂಡೇ ಹೋಗೋದು ನಾನು.”

ಅದುವರೆಗೆ ಕೇಳುತ್ತಿದ್ದ ಸಣ್ಣ ಸರಸರ ಸದ್ದು ನಿಂತಿತು. ಯಾರೋ ಉಸಿರು ಬಿಗಿಹಿಡಿದ ಹಾಗೆ. ಆಮೇಲೆ ಭಾರವಾದದ್ದೇನನ್ನೋ ನೆಲದ ಮೇಲೆ ಎಳೆದಂತಾಯಿತು.

ಕಟ್ಟಿಹಾಕಿರಬೇಕು ಎಂದುಕೊಂಡ. ಮಂಚವನ್ನೇ ಎಳೆದುಕೊಂಡು ಬರುತ್ತಿರಬೇಕು, ಪಾಪ.

ಅವನು ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದ. ಅಟ್ಟದಿಂದ ಇಳಿದು ಬಂದಾಗ ಹಿಲ್ಕ ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ಆ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಅವನನ್ನು ಕಂಡೂ ಸಲಾಕೆ ಕೆಳಗಿಳಿಸಲಿಲ್ಲ.

“ಮುಗೀತಮ್ಮಾ ನಿಮ್ಮ ಆಟ. ಪೊಲೀಸರನ್ನ ಕರೆದಿದೀನಿ.”

“ನೀವೇ ಕರೆದ್ರಾ?”

“ನಾನೇ.”

ಸಲಾಕೆ ಅವಳ ಕೈಯಿಂದ ಜಾರಿತು. ಅಲ್ಲೇ ಕುಸಿದು ಕುಳಿತು, ಅಂಗೈಯಲ್ಲೇ ಮುಖ ಒರೆಸಿಕೊಂಡಳು. “ನಿಮಗೆ ಕೇಳಿಸದ ಹಾಗೆ ಫೋನ್ ಮಾಡೋಕೆ ಆಗಲಿಲ್ಲ ಕಣಯ್ಯಾ,” ಎಂದಳು. “ಈ ಬಾಗಿಲು ಬಿಟ್ಟು ದೂರ ಹೋಗೋಕೂ ಧೈರ್ಯ ಬರಲಿಲ್ಲ.” ಅರ್ಥವಾಗದ ಆ ಮಾತನ್ನು ಕಲೆರ್ವೊ ಕಿವಿಗೆ ಹಾಕಿಕೊಳ್ಳಲಿಲ್ಲ.

ಪೊಲೀಸರು ಇಬ್ಬರು ಬಂದರು. ಒಬ್ಬಾಕೆ ಅಧಿಕಾರಿ, ಇನ್ನೊಬ್ಬ ಎತ್ತರದ ಪೇದೆ. ಹಿಲ್ಕ ಆಕೆಯ ಕಿವಿಯಲ್ಲಿ ಏನೋ ಹೇಳಲು ಹೋದಳು. ಕಲೆರ್ವೊ ನಡುವೆ ಬಾಯಿ ಹಾಕಿದ. “ಅವಳ ಮಾತು ಕೇಳಬೇಡಿ ಮೇಡಂ, ಮೊದಲು ಬಾಗಿಲು ತೆಗೆಸಿ. ಒಳಗಿರೋರ ಬಾಯಿಂದಲೇ ಕೇಳಿ.”

ಅಧಿಕಾರಿ ಬಾಗಿಲು ತಟ್ಟಿದಳು. “ನಾವು ಪೊಲೀಸ್. ಯಾರಿದ್ರೂ ಮಾತಾಡಿ. ಇನ್ನು ನಿಮಗೆ ಯಾರೂ ಏನೂ ಮಾಡಲ್ಲ.”

ಕಲೆರ್ವೊ ಮುಂದೆ ಬಂದು ಹಿಡಿಕೆಗೆ ಕೈ ಹಾಕಿದ. ಅದು ಅಲುಗಲಿಲ್ಲ. ಅಗುಳಿ ಹಾಕಿದ್ದುದು ಒಳಗಡೆಯಿಂದ.

“ಮೊದಲು ಕಲೆರ್ವೊನನ್ನ ಹೊರಗೆ ಕರ್ಕೊಂಡು ಹೋಗಿ,” ಎಂದಿತು ಬಾಗಿಲಾಚೆಯ ಹೆಣ್ಣು ದನಿ. “ನಾನು ತಪ್ಪಿಸಿಕೊಂಡು ಬಂದಿದ್ದು ಅವನ ಮನೆಯಿಂದ. ಅವನು ನನ್ನ ಗಂಡ.”