ಕೊನೆಯ ಹಾರಾಟದ ತೂಕ

ಕಿಟಕಿ ಪಕ್ಕ ಬೆಲ್ಟ್ ಬಿಗಿದುಕೊಂಡು ಕೂತಿದ್ದ ಮಾರ್ಲಿಸ್‌ಳ ಮುಂದೆ ಕ್ಯಾಪ್ಟನ್ನೇ ಬಂದು ನಿಂತ. ಕ್ಯಾಪ್ಟನ್ ಅಂದರೆ ಅವಳ ಗಂಡ ಆರ್ವಿಡ್. ನಾಳೆ ಅವನಿಗೆ ಅರವತ್ತೈದು ತುಂಬುತ್ತದೆ, ಪೈಲಟ್ ನಿವೃತ್ತಿಯಾಗಲೇಬೇಕಾದ ವಯಸ್ಸು. ಮೈನಾಟ್‌ನಿಂದ ಮಿನ್ನಿಯಾಪೊಲಿಸ್‌ಗೆ ಹೊರಟಿದ್ದ ಈ ಪುಟ್ಟ ವಿಮಾನವೇ ಅವನು ಹಾರಿಸುವ ಕೊನೆಯದು.

"ಮಾರ್ಲಿಸ್, ನೀನು ಇಳೀಬೇಕು."

"ಯಾಕೆ, ಬೆಂಕಿ ಬಿತ್ತಾ?"

"ತೂಕ ಜಾಸ್ತಿ ಆಗಿದೆ. ಇಲ್ಲಿ ನೋಡಿದ್ರೆ ಈ ಸೆಕೆಗೆ ವಿಮಾನ ಮೇಲೇಳೋದೇ ಕಷ್ಟ, ಮಿನ್ನಿಯಾಪೊಲಿಸ್‌ನಲ್ಲಿ ಮೋಡ ಕಟ್ಟಿದೆ. ಇಳಿಯೋಕಾಗದೆ ಮೇಲೇ ಸುತ್ತು ಹೊಡೀಬೇಕಾದ್ರೆ ಇರಲಿ ಅಂತ ಇಂಧನ ಹೆಚ್ಚು ತುಂಬಿಸಿದೀನಿ. ಒಬ್ಬರು ಇಳಿದ್ರೆ ಸರಿಹೋಗುತ್ತೆ."

"ಆ ಒಬ್ಬರು ನಾನೇನಾ? ಅಲ್ಲಿ ಅಗ್ನಿಶಾಮಕದೋರು ಆಚೆಗೊಂದು ಈಚೆಗೊಂದು ಗಾಡಿ ನಿಲ್ಲಿಸ್ಕೊಂಡು ನಿನ್ನ ಬೀಳ್ಕೊಡುಗೆಗೆ ನೀರಿನ ಕಮಾನು ಕಟ್ಟೋಕೆ ಕಾಯ್ತಿದಾರೆ. ಅದರ ಕೆಳಗೆ ನಿನ್ನ ಜೊತೆ ಬರ್ಬೇಕು ಅಂತ ತಾನೆ ಬೆಳಿಗ್ಗೆಯಿಂದ ನಿನ್ನ ಹಿಂದೆ ಸುತ್ತುತಾ ಇರೋದು?"

"ನೀನು ಬಂದಿರೋದು ಬಿಟ್ಟಿ ಪಾಸಲ್ಲಿ. ಮನೆಯೋರು ಮೊದಲು ಇಳೀಬೇಕು ಅನ್ನೋದು ನಿಯಮ."

ಮಾರ್ಲಿಸ್ ಕಿಟಕಿಯತ್ತ ಬೆರಳು ತೋರಿದಳು. ಕೆಳಗೆ ಮೀನು ಹಿಡಿದು ಮರಳುತ್ತಿದ್ದವರ ಐಸ್ ಪೆಟ್ಟಿಗೆಗಳು ಸಾಲಾಗಿ ವಿಮಾನದ ಹೊಟ್ಟೆ ಸೇರುತ್ತಿದ್ದವು. "ಅದರಲ್ಲಿ ಎರಡು ಇಳಿಸು, ನನ್ನ ತೂಕ ಆಗುತ್ತೆ."

"ಅದಕ್ಕೆ ಅವರು ದುಡ್ಡು ಕೊಟ್ಟಿದಾರೆ ಕಣೇ."

"ಸತ್ತ ಮೀನಿಗೆ ಜಾಗ ಇದೆ, ಜೀವಂತ ಹೆಂಡತಿಗಿಲ್ಲ!"

ಪಕ್ಕದ ಸೀಟಿನ ಮೀನಿನವನು ಮೊಬೈಲಿನಲ್ಲಿ ಮುಖ ಹುದುಗಿಸಿದ. "ಸಂಜೆ ವಿಮಾನದಲ್ಲಿ ಬಂದುಬಿಡು," ಎಂದ ಆರ್ವಿಡ್ ತಗ್ಗಿದ ದನಿಯಲ್ಲಿ. ಮಾರ್ಲಿಸ್ ಬೆಲ್ಟ್ ಬಿಚ್ಚಿದಳು. "ಮಗಳ ಮದುವೆ ದಿನ ನಾವೆಲ್ಲ ಚರ್ಚಲ್ಲಿ ಕಾಯ್ತಿದ್ರೆ ನೀನು ಫೋನ್ ಮಾಡಿ 'ಐದೇ ನಿಮಿಷ, ಬಂದೆ' ಅಂದಿದ್ದೆ. ಕೇಕ್ ಕತ್ತರಿಸಿದ ಮೇಲೆ ಬಂದೆ. ಇವತ್ತೊಂದು ದಿನವಾದ್ರೂ..." ಎಂದವಳು ಮಾತು ಮುಗಿಸದೆ ಇಳಿದುಹೋದಳು.

ಸಂಜೆಯ ವಿಮಾನ ತಡವಾಗಿ ಮಿನ್ನಿಯಾಪೊಲಿಸ್ ಮುಟ್ಟಿತು. ಗೇಟಿನ ಎದುರಿನ ಕುರ್ಚಿಯಲ್ಲಿ ಆರ್ವಿಡ್ ಟೈ ಸಡಿಲಿಸಿಕೊಂಡು ಕೂತಿದ್ದ. ತೊಡೆಯ ಮೇಲೆ ಟೋಪಿ, ಟೋಪಿಯ ಮೇಲೆ ಕಾಗದದ ತಟ್ಟೆ, ತಟ್ಟೆಯಲ್ಲಿ ಬೀಳ್ಕೊಡುಗೆಯ ಕೇಕಿನ ಒಣಗಿದ ಒಂದು ತುಂಡು.

"ಮಳೆ ಬಂತಾ?" ಕೇಳಿದಳು.

"ಒಂದು ಹನೀನೂ ಇಲ್ಲ."

"ನೀರು ಹಾರಿಸಿದ್ರಾ?"

"ಹಾರಿಸಿದ್ರು. ಮೀನಿನೋರೆಲ್ಲ ವಿಡಿಯೋ ಮಾಡ್ಕೊಂಡ್ರು."

"ಅಂತೂ ಮೀನಿಗೆ ನೀರು ಸಿಕ್ತು."

"ಮಧ್ಯಾಹ್ನದಿಂದ ಇಲ್ಲೇ ಕೂತಿದೀನಿ ಮಾರ್ಲಿಸ್. ಎಲ್ಲಿದೀಯ, ಯಾವಾಗ ಬರ್ತೀಯ, ಒಂದೂ ಗೊತ್ತಾಗಲ್ಲ. ಹೀಗೆ ಕಾಯೋದು ಎಷ್ಟು ಕಷ್ಟ!"

ಮಾರ್ಲಿಸ್ ಅವನನ್ನೇ ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು, ಆ ಜಾಗದಲ್ಲಿ ತನ್ನ ಕೈಚೀಲ ಇಟ್ಟಳು.

"ಇಲ್ಲೇ ಇರು. ಒಂದು ಕಾಫಿ ಕುಡಿದು ಬರ್ತೀನಿ," ಎಂದಳು. "ಐದೇ ನಿಮಿಷ."