ಐದೂಕಾಲು ಇಂಚು

ಗಂಗಾಧರಯ್ಯನವರು ಗ್ಯಾರೇಜಿನ ನೆಲದ ಮೇಲೆ ಗೋಣಿ ಹಾಸಿ, ಬೋರಲು ಮಲಗಿ, ಕಾರಿನ ಹೊಟ್ಟೆಯಡಿ ಟೇಪು ಹಿಡಿದಿದ್ದರು.

“ಈಗ ಆರೂವರೆ ಇಂಚದೆ. ಇಬ್ಬರು ಕೂತಾಗ ಐದೂಕಾಲಿಗೆ ಇಳೀಬೇಕು. ನೂಲಿನಷ್ಟೂ ಮೇಲಿರಬಾರದು ಕಣಪ್ಪ.”

ಹೊಳೆನರಸೀಪುರದಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜು ಇಟ್ಟಿರುವ ಮೋಹನ್‌ಕುಮಾರ್ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಕಾರು ತಗ್ಗಿಸಿಕೊಡಿ ಎಂದು ಬರುವವರೆಲ್ಲ ಮೀಸೆ ಚಿಗುರುವ ವಯಸ್ಸಿನವರು. ಈ ಮನುಷ್ಯನಿಗೆ ಅರವತ್ತೊಂದು. ಗೊರೂರಿನ ನೀರಾವರಿ ಇಲಾಖೆಯಲ್ಲಿ ಟೇಪು ಹಿಡಿದೇ ನಿವೃತ್ತರಾದವರು. ಕಾರಿಗೆ ಇಪ್ಪತ್ತಾರು, ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ ಬೆಂಗಳೂರಿನಿಂದ ಕೊಂಡು ತಂದದ್ದು. ಇನ್ನು ಹನ್ನೆರಡು ದಿನಕ್ಕೆ ಮಗಳು ಮಾನಸಾಳ ಮದುವೆ. ಹೆಣ್ಣಿನ ತಂದೆ ಚಪ್ಪರದ ಚಿಂತೆ ಬಿಟ್ಟು ಸ್ಪ್ರಿಂಗಿನ ಚಿಂತೆ ಹಿಡಿದಿದ್ದರು. ಅರವತ್ತಕ್ಕೆ ಅರಳು ಮರಳು ಎಂದುಕೊಂಡ ಮೋಹನ.

ಅಗ್ಗದ ದಾರಿ ಇತ್ತು. ಇರುವ ಸ್ಪ್ರಿಂಗನ್ನೇ ಎರಡು ಸುತ್ತು ಕೊಯ್ದರೆ ಕಾರು ತಾನಾಗಿ ಕೂರುತ್ತದೆ. ಆದರೆ ಗುಂಡಿಗೆ ಬಿದ್ದಾಗ ಸ್ಪ್ರಿಂಗು ಜಾಗ ಬಿಟ್ಟು ಜಿಗಿದರೆ ಕೇಳುವವರಿಲ್ಲ. ದುಬಾರಿ ದಾರಿಯೂ ಇತ್ತು. ಬೇಕಾದಷ್ಟು ಏರಿಸಿ ಇಳಿಸುವ ಹೊಸ ಸೆಟ್ಟು, ಅದರ ಬೆಲೆಗೆ ಇಂಥ ಕಾರು ಇನ್ನೊಂದು ಬರುತ್ತದೆ. ಕೊನೆಗೆ ಹಾಸನದ ಗುಜರಿಯಲ್ಲಿ ಅದೇ ಮಾಡೆಲ್ಲಿಗೆ ಕೂರುವ ಗಿಡ್ಡ ಸ್ಪ್ರಿಂಗು ಸಿಕ್ಕವು. ಅಷ್ಟಕ್ಕೇ ಮುಗಿಯಲಿಲ್ಲ. ಗಿಡ್ಡ ಸ್ಪ್ರಿಂಗಿಗೆ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದರೆ ತಿಂಗಳೊಳಗೆ ಎಣ್ಣೆ ಸೋರುತ್ತದೆ. ಎರಡಕ್ಕೂ ಜಾತಕ ಕೂಡಬೇಕು. ಮಗಳ ಜಾತಕವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿದ್ದ ಗಂಗಾಧರಯ್ಯನವರು ಶಾಕಿನ ಜಾತಕಕ್ಕೆ ನಾಲ್ಕು ಸಲ ಹಾಸನಕ್ಕೆ ಬಸ್ಸು ಹತ್ತಿದರು.

ಮೋಹನನಿಗೆ ಒಳಗೇ ಅಳುಕಿತ್ತು. ಅರಕಲಗೂಡು ರಸ್ತೆಯ ಹಳ್ಳಿಗಳಲ್ಲಿ ಮನೆಗೊಬ್ಬರು ಬಾಗಿಲ ಮುಂದೆ ರಸ್ತೆಗೆ ಅಡ್ಡಲಾಗಿ ತಾವೇ ಹಂಪು ಹಾಕಿಸಿಕೊಂಡಿದ್ದಾರೆ. ಹಂಪು ಎಷ್ಟು ದಪ್ಪವೋ ಯಜಮಾನನ ತೂಕ ಅಷ್ಟು. ಎಲ್ಲಕ್ಕಿಂತ ದಪ್ಪನೆಯದು ಪಂಚಾಯ್ತಿಯ ಮಾಜಿ ಅಧ್ಯಕ್ಷ ನಂಜಪ್ಪನವರ ಮನೆ ಮುಂದಿನದು. ನಂಜಪ್ಪನವರು ಗಂಗಾಧರಯ್ಯನವರ ಒಡಹುಟ್ಟಿದ ಅಣ್ಣ.

ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಪಾಲಾಗುವಾಗ ಜಮೀನು, ಮನೆ, ಪಂಪ್‌ಸೆಟ್ಟು ಎಲ್ಲ ಸಲೀಸಾಗಿ ಹಂಚಿಹೋಗಿ, ಬಚ್ಚಲ ತಾಮ್ರದ ಹಂಡೆಯೊಂದು ಉಳಿದುಕೊಂಡಿತ್ತು. ಅದರ ಮೇಲೆ ಮಾತಿಗೆ ಮಾತು ಬೆಳೆದು, ನೀನಾಗಿ ಕರೆಯದೆ ನಿನ್ನ ಹೊಸಿಲು ತುಳಿಯಲ್ಲ ಎಂದು ತಮ್ಮ, ನೀನಾಗಿ ಬರದೆ ನಾನು ಕರೆಯಲ್ಲ ಎಂದು ಅಣ್ಣ, ಮನೆದೇವರ ಮುಂದೆ ಆಣೆಯಿಟ್ಟರು. ಊರಿಗೆ ಬುದ್ಧಿ ಹೇಳುವ ತಲೆಗಳು ಎರಡೂ.

ಲಗ್ನಪತ್ರಿಕೆಯಲ್ಲಿ ಮಾತ್ರ ನಂಜಪ್ಪನವರ ಹೆಸರೇ ಮೊದಲು ಅಚ್ಚಾಗಿತ್ತು. ಆದರೆ ಪತ್ರಿಕೆಯನ್ನು ಗಂಡ ಹೆಂಡತಿ ಖುದ್ದಾಗಿ ಹೋಗಿ, ಕುಂಕುಮ ಇಟ್ಟು ಕೊಡಬೇಕು. ಅಂಚೆಗೆ ಹಾಕಿದರೆ ಕರೆಯದಿರುವುದಕ್ಕಿಂತ ಕಡೆ. ದೊಡ್ಡಪ್ಪ ಬರದೆ ಹಸೆಮಣೆ ಏರಲ್ಲ ಎಂದು ಮಾನಸಾ ಊಟ ಬಿಟ್ಟು ಕೂತಿದ್ದಳು.

“ಅಣ್ಣಾರ್ಗೆ ಕಾರ್ಡು ಕೊಟ್ರಾ ಸಾ?” ಎಂದು ಮೋಹನ ತಡೆಯಲಾರದೆ ಕೇಳಿದ.

“ಮೊದ್ಲು ನೀನು ಶಾಕು ಕೂರ್ಸಪ್ಪ,” ಎಂದರು ಗಂಗಾಧರಯ್ಯ.

ಮೋಹನ ಬಾಯಿಗೆ ಬಂದ ಇನ್ನೊಂದು ಸುದ್ದಿಯನ್ನು ನುಂಗಿಕೊಂಡ. ಭಾನುವಾರ ನಂಜಪ್ಪನವರು ತಾವೇ ನಿಂತು ಗೇಟಿನ ಮುಂದೆ ಸಿಮೆಂಟು ಕಲೆಸುತ್ತಿದ್ದರಂತೆ. ತಮ್ಮನ ಮುಖ ಕಾಣದಿರಲೆಂದು ಗೋಡೆ ಎತ್ತುತ್ತಿದ್ದಾರೆ ಎಂದು ಊರು ಆಡಿಕೊಳ್ಳುತ್ತಿತ್ತು. ಮದುವೆ ಮನೆಯವರಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ಕೆಲಸ ಮುಗಿದ ದಿನ ಅನಸೂಯಮ್ಮನವರು ಪತ್ರಿಕೆಯ ಚೀಲ, ಕುಂಕುಮದ ಬಟ್ಟಲು ಹಿಡಿದು ಬಂದು ಗಂಡನ ಪಕ್ಕ ಕೂತರು. ಮೋಹನ ಟೇಪು ಹಿಡಿದ. ಐದೂಕಾಲು. ಗಂಗಾಧರಯ್ಯನವರ ಮುಖ ಅರಳಿತು. ಬೀಗರ ಊರು ಅರಕಲಗೂಡು, ಅಲ್ಲಿಗೆ ಹೋಗಿಬರುತ್ತೇವೆ ಎಂದರು. ಹಂಪು ಜೋಪಾನ, ಹೊಟ್ಟೆ ಉಜ್ಜಿದರೆ ನನ್ನನ್ನು ಬೈಯಬೇಡಿ ಎಂದು ಮೋಹನ ಮೂರು ಸಲ ಹೇಳಿ ಕಳಿಸಿದ.

ಅರ್ಧ ಗಂಟೆಗೆ ಫೋನು ಬಂತು. ನಂಜಪ್ಪನವರ ಮನೆ ಮುಂದೆಯೇ ಸಿಕ್ಕಿಕೊಂಡಿತ್ತು.

ಎಲ್ಲ ಬಿಟ್ಟು ಆ ಬಾಗಿಲಲ್ಲೇ! ಮದುವೆ ಕೆಟ್ಟರೆ ಹೆಸರು ತನ್ನದೇ ಎಂದು ಮೋಹನ ಜಾಕು ಹೊತ್ತು ಬೈಕು ಓಡಿಸಿದ. ಕಾರು ಹಂಪಿನ ಮೇಲೆ ಹೊಟ್ಟೆ ಊರಿ, ಎರಡೂ ಬಾಗಿಲು ತೆರೆದು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಗೋಡೆಯೂ ಎದ್ದಿರಲಿಲ್ಲ.

ಜಗುಲಿಯಲ್ಲಿ ಅಣ್ಣ ತಮ್ಮ ಒಂದೇ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ನಡುವೆ ಕುಂಕುಮ ಇಟ್ಟ ಪತ್ರಿಕೆ. ಅಣ್ಣನ ಕಣ್ಣು ಒದ್ದೆಯಾಗಿತ್ತು.

“ಬಾಗ್ಲಲ್ಲಿ ಸಿಕ್ಕಾಕ್ಕಂಡೋರ್ನ ಒಳಕ್ ಕರೀದೇ ಇರಕ್ಕಾಯ್ತದಾ,” ಎಂದು ನಂಜಪ್ಪನವರು ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟರು. ಆಣೆಯೂ ಉಳಿದಿತ್ತು, ಮಾನವೂ ಉಳಿದಿತ್ತು.

ಗಂಗಾಧರಯ್ಯನವರು ಕೈ ತೊಳೆಯುವ ನೆಪದಲ್ಲಿ ಎದ್ದು ಬಂದು ಮೋಹನನ ಕಿವಿಯಲ್ಲಿ ಉಸುರಿದರು. “ಹೋದ ತಿಂಗ್ಳು ಬೆಳಿಗ್ಗೆ ವಾಕಿಂಗ್ ನೆವದಲ್ಲಿ ಬಂದು ಹಂಪು ಅಳ್ಕೊಂಡು ಹೋಗಿದ್ದೆ. ಐದೂವರೆ. ಲೆಕ್ಕ ತಪ್ಪಲಿಲ್ಲ ನೋಡು.”

ಮೋಹನನಿಗೆ ನಗು ಬಂತು. ಈ ಮನುಷ್ಯನನ್ನು ಅರಳು ಮರಳು ಎಂದೆನಲ್ಲ ಎಂದು ನಾಚಿಕೊಂಡು ಜಾಕು ಕೊಡಲು ಕಾರಿನಡಿ ಬಗ್ಗಿದ. ಹಂಪಿನ ನೆತ್ತಿಯ ಮೇಲೆ ಹೊಸ ಸಿಮೆಂಟು ಹೊಳೆಯುತ್ತಿತ್ತು. ಟೇಪು ಇಟ್ಟು ನೋಡಿದ. ಏಳು ಇಂಚು. ಒಂದು ಸ್ಪ್ರಿಂಗೂ ಬದಲಿಸದಿದ್ದರೂ ಕಾರು ಇಲ್ಲಿ ಸಿಕ್ಕಿಕೊಳ್ಳಲೇಬೇಕಿತ್ತು.

ಹಿಂದೆ ನೆರಳು ಬಿತ್ತು. ನಂಜಪ್ಪನವರು ಮೆಲ್ಲನೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

“ಅವನ್ಗೆ ಯೋಳ್ಬ್ಯಾಡ ಕಣಪ್ಪ. ಬೀಗರೂರಿಗೆ ಇದೇ ದಾರೀಲಿ ಬರ್ಬೇಕಲ್ಲ ಅಂತ ಒಂದೂವರೆ ಇಂಚು ಏರ್ಸಿದ್ದೆ. ಆ ಕಾರು ತರಕ್ಕೆ ಜೊತೇಲಿ ಓಗಿದ್ದೋನು ನಾನೇ ಅಲ್ವಾ, ಅದರ ಎತ್ರ ನಂಗೆ ಗೊತ್ತಿಲ್ವಾ?”